ಚನ್ನಗಿರಿಯ ಪದವೀಧರ ಯಾವ ಗಣಕ ಭಾಷೆ ಕಲಿಯಬೇಕು?

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಬಿ.ಕಾಂ., ಬಿ.ಎಸ್‌ಸಿ. ಮುಗಿಸಿದ ಯುವಕ ಯುವತಿಯರು ಹಿರಿಯರನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆಯೊಂದಿದೆ: ‘ಯಾವ ಲಾಂಗ್ವೇಜ್ ಕಲಿತರೆ ಕೆಲಸ ಸಿಗುತ್ತದೆ?’ ಸಿದ್ಧ ಉತ್ತರ ಹಿಡಿದು ಕುಳಿತ ತರಬೇತಿ ಕೇಂದ್ರಗಳಿಗೆ ನಗರಗಳಲ್ಲಿ ಬರವಿಲ್ಲ. ಅಲ್ಲಿ ಕಟ್ಟುವ ಶುಲ್ಕ ಮಾತ್ರ ಅಡಿಕೆ, ಭತ್ತ, ಮೆಕ್ಕೆಜೋಳ ಮಾರಿದ ಹಣ. ಹೀಗಾಗಿ ಈ ಪ್ರಶ್ನೆ ಕೇವಲ ತಂತ್ರಜ್ಞಾನದ್ದಲ್ಲ. ಆರು ತಿಂಗಳನ್ನು ಒಂದು ಭಾಷೆಗೆ ಕೊಟ್ಟವನು ಆ ಆರು ತಿಂಗಳಲ್ಲಿ ಮತ್ತೇನನ್ನು ಬಿಟ್ಟುಕೊಟ್ಟ ಎಂಬ ಲೆಕ್ಕವೂ ಇದರಲ್ಲಿದೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಅವಕಾಶ ವೆಚ್ಚ ಎನ್ನುತ್ತಾರೆ.

ಇಂದು ಹೊಸಬರಿಗೆ ಸಾಮಾನ್ಯವಾಗಿ ಸೂಚಿಸುವುದು ‘ಡೈನಮಿಕ್’ ಎನ್ನಿಸಿಕೊಂಡ ಭಾಷೆಗಳನ್ನು. ಈ ಮಾತನ್ನು ಅಡಿಕೆ ಮಂಡಿಯ ಭಾಷೆಯಲ್ಲಿ ಹೇಳುವುದು ಸುಲಭ. ಸಿ ಪ್ಲಸ್ ಪ್ಲಸ್, ಜಾವಾಗಳಲ್ಲಿ ಚೀಲದ ಮೇಲೆ ಮೊದಲೇ ಚೀಟಿ ಅಂಟಿಸಬೇಕು: ಇದು ರಾಶಿ, ಇದು ಬೆಟ್ಟೆ. ರಾಶಿಯ ಚೀಲಕ್ಕೆ ಬೆಟ್ಟೆ ತುಂಬಲು ಹೋದರೆ ಗಾಡಿ ಹೊರಡುವ ಮೊದಲೇ ತಡೆಯುತ್ತಾರೆ. ಪೈಥಾನ್, ರೂಬಿ, ಪರ್ಲ್, ಪಿಎಚ್‌ಪಿ, ಜಾವಾಸ್ಕ್ರಿಪ್ಟ್‌ಗಳಲ್ಲಿ ಚೀಲಕ್ಕೆ ಚೀಟಿ ಕಡ್ಡಾಯವಲ್ಲ. ಒಳಗಿರುವ ಮಾಲೇ ತನ್ನ ಜಾತಿಯನ್ನು ಹೇಳುತ್ತದೆ. ಬರೆಯುವುದು ಕಡಿಮೆ, ಫಲಿತಾಂಶ ಬೇಗ. ಆದರೆ ತಪ್ಪು ಗೊತ್ತಾಗುವುದು ಮಂಡಿಯಲ್ಲಿ ಚೀಲ ಬಿಚ್ಚಿದಾಗ.

ಈ ತಪ್ಪು ಎಂಥದು ಎಂಬುದನ್ನು ನೋಡಿ. ಪೈಥಾನ್‌ನಲ್ಲಿ ಬಳಕೆದಾರನಿಂದ ಎರಡು ಚೀಲಗಳ ತೂಕ ಕೇಳುವ ಪ್ರೋಗ್ರಾಂ ಬರೆದರೆ, ಒಂದಕ್ಕೆ 65, ಇನ್ನೊಂದಕ್ಕೆ 70 ಎಂದು ಕೊಟ್ಟು ಕೂಡಿಸಿದಾಗ ಬರುವ ಉತ್ತರ 135 ಅಲ್ಲ, 6570. ಕೀಲಿಮಣೆಯಿಂದ ಬಂದದ್ದನ್ನೆಲ್ಲ ಅದು ಅಕ್ಷರವೆಂದೇ ತಿಳಿದು ಒಂದರ ಪಕ್ಕ ಒಂದನ್ನು ಜೋಡಿಸುತ್ತದೆ. ಸಂಖ್ಯೆಯೆಂದು ಪರಿವರ್ತಿಸಿಕೊಳ್ಳುವ ಹೊಣೆ ಬರೆಯುವವನದು. ಒಂದು ಅಕ್ಷರ, ಒಂದು ಸಂಖ್ಯೆ ಬೆರೆತರೆ ಪೈಥಾನ್ ಕೆಲಸ ನಿಲ್ಲಿಸಿ ದೋಷ ತೋರಿಸುತ್ತದೆ. ಜಾವಾಸ್ಕ್ರಿಪ್ಟ್ ಹಾಗಲ್ಲ; ಕೂಡಿಸು ಎಂದರೆ ಅಲ್ಲಿಯೂ 6570 ಎಂದು ಜೋಡಿಸುತ್ತದೆ, ಕಳೆ ಎಂದರೆ ಮಾತ್ರ ಸಂಖ್ಯೆಯೆಂದು ಭಾವಿಸಿ ಸರಿಯಾಗಿ ಕಳೆಯುತ್ತದೆ. ಮೊದಲ ಭಾಷೆಯಾಗಿ ನಾನು ಪೈಥಾನನ್ನು ಸೂಚಿಸಲು ಈ ಕಟ್ಟುನಿಟ್ಟು ಒಂದು ಕಾರಣ. ಕಲಿಯುವವನಿಗೆ ಅತಿಯಾದ ಔದಾರ್ಯ ಒಳ್ಳೆಯದಲ್ಲ.

ಎರಡನೆಯ ಕಾರಣ ಜನಬಳಕೆ. ಗೀಡೋ ವಾನ್ ರಾಸಮ್ 1991ರಲ್ಲಿ ಪೈಥಾನನ್ನು ಹೊರತಂದರು. ಜಪಾನಿನ ಯುಕಿಹಿರೊ ಮಾತ್ಸುಮೊಟೊ ಅವರ ರೂಬಿ 1995ರದು. ಅನೇಕರ ದೃಷ್ಟಿಯಲ್ಲಿ ಅದು ಹೆಚ್ಚು ಸೊಗಸಾದ ಭಾಷೆ. ಆದರೆ ಮಾರುಕಟ್ಟೆ ಸೊಗಸನ್ನಷ್ಟೇ ನೋಡುವುದಿಲ್ಲ. ಒಮ್ಮೆ ರೂಢಿಗೆ ಬಂದ ವ್ಯವಸ್ಥೆ, ಅದಕ್ಕಿಂತ ಉತ್ತಮವಾದುದು ಇದ್ದರೂ ಉಳಿದುಬಿಡಬಹುದೆಂದು ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ 1985ರಲ್ಲಿ ಟೈಪ್‌ರೈಟರ್ ಕೀಲಿಮಣೆಯ ಉದಾಹರಣೆಯಿಂದ ವಾದಿಸಿದ್ದರು. ಎನ್‌ಸಿಇಆರ್‌ಟಿಯ 11 ಮತ್ತು 12ನೇ ತರಗತಿಯ ಗಣಕ ವಿಜ್ಞಾನ ಪುಸ್ತಕಗಳು ಪೈಥಾನ್‌ನಲ್ಲಿವೆ. ದತ್ತಾಂಶ ವಿಶ್ಲೇಷಣೆ, ಕೃತಕ ಬುದ್ಧಿಮತ್ತೆಯ ಸಾಧನಗಳು ಬಹುಪಾಲು ಅದರ ಸುತ್ತ ಬೆಳೆದಿವೆ. ಸಂದೇಹ ಬಂದಾಗ ಪಕ್ಕದಲ್ಲಿ ಕೇಳಲು ಒಬ್ಬರು ಸಿಗುವ ಭಾಷೆಯೇ ತಾಲ್ಲೂಕು ಕೇಂದ್ರದ ವಿದ್ಯಾರ್ಥಿಗೆ ಅಗ್ಗದ ಭಾಷೆ. ಜಾಲತಾಣ ಕಟ್ಟುವ ಆಸೆಯುಳ್ಳವರು ಜಾವಾಸ್ಕ್ರಿಪ್ಟನ್ನು ಎರಡನೆಯದಾಗಿ ಕಲಿಯಲಿ. ಅದಕ್ಕೆ ಬ್ರೌಸರ್ ಒಂದಿದ್ದರೆ ಸಾಕು.

ಒಡೆತನದ ವಿಚಾರವನ್ನೂ ಮರೆಯಬಾರದು. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ತಂದಿತು. ಆಡಳಿತದ ಇತಿಹಾಸದಲ್ಲಿ ಅದು ದೊಡ್ಡ ಸಾಧನೆ. ಅದರ ತಂತ್ರಾಂಶಕ್ಕೆ ಬಳಸಿದ್ದು ಅಂದು ಎಲ್ಲೆಡೆ ಚಾಲ್ತಿಯಲ್ಲಿದ್ದ ವಿಷುಯಲ್ ಬೇಸಿಕ್. ಆ ಭಾಷೆಯ ಆರನೇ ಆವೃತ್ತಿಯ ಅಭಿವೃದ್ಧಿ ಸಾಧನಕ್ಕೆ ಕೊಡುತ್ತಿದ್ದ ಬೆಂಬಲವನ್ನು ಮೈಕ್ರೊಸಾಫ್ಟ್ 2008ರಲ್ಲಿ ನಿಲ್ಲಿಸಿತು. ಒಂದು ಕಂಪನಿಯ ಸ್ವತ್ತಾದ ಭಾಷೆಗೆ ಆಯುಷ್ಯ ನಿಗದಿಯಾಗುವುದು ಆ ಕಂಪನಿಯ ಸಭಾಂಗಣದಲ್ಲಿ. ಮುಕ್ತ ಪರವಾನಗಿಯ ಪೈಥಾನ್‌ಗೆ ಆ ಭಯವಿಲ್ಲ. ಹಾಗೆಂದು ಅದರ ದಾರಿಯೇನೂ ಸಪಾಟಾಗಿರಲಿಲ್ಲ: 2008ರಲ್ಲಿ ಬಂದ ಮೂರನೇ ಆವೃತ್ತಿ ಹಳೆಯ ಪ್ರೋಗ್ರಾಂಗಳೊಂದಿಗೆ ಹೊಂದಲಿಲ್ಲ, ಎರಡನೆಯದಕ್ಕೆ ವಿದಾಯ ಹೇಳಲು 2020ರ ಜನವರಿಯವರೆಗೆ ಕಾಯಬೇಕಾಯಿತು.

ಆ ಮೂರನೇ ಆವೃತ್ತಿ ಕನ್ನಡಿಗರಿಗೆ ಮಾಡಿದ ಉಪಕಾರ ಮಾತ್ರ ದೊಡ್ಡದು. ಅದು ಯೂನಿಕೋಡ್ ಅನ್ನು ಮೂಲವಾಗಿ ಒಪ್ಪಿಕೊಂಡಿದೆ. ‘ತೂಕ’, ‘ಮೊತ್ತ’ ಎಂದು ಕನ್ನಡದಲ್ಲೇ ಹೆಸರಿಟ್ಟು ಲೆಕ್ಕ ಮಾಡಬಹುದು. ೧೨ ಎಂಬ ಕನ್ನಡ ಅಂಕಿಯನ್ನು ಸಂಖ್ಯೆಯಾಗಿ ಪರಿವರ್ತಿಸು ಎಂದರೆ ತಕರಾರಿಲ್ಲದೆ 12 ಎನ್ನುತ್ತದೆ. ಆದರೆ ‘ಕನ್ನಡ’ ಪದದಲ್ಲಿ ಎಷ್ಟು ಅಕ್ಷರ ಎಂದು ಕೇಳಿದರೆ ಮೂರೆನ್ನದೆ ಐದು ಎನ್ನುತ್ತದೆ. ಒತ್ತಕ್ಷರವನ್ನು ಅದು ನ, ಹಲಂತ, ನ ಎಂದು ಬಿಡಿಸಿ ಎಣಿಸುತ್ತದೆ. ಮತದಾರರ ಪಟ್ಟಿ, ಪಡಿತರ ಪಟ್ಟಿಗಳಲ್ಲಿ ಹೆಸರು ಹುಡುಕುವ, ಹೊಂದಿಸುವ ಕೆಲಸದಲ್ಲಿ ಈ ವ್ಯತ್ಯಾಸ ಬಲ್ಲವನಿಗೆ ಬೆಲೆಯಿದೆ. ಬೆಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಓದಿದವನಿಗಿಂತ ಚನ್ನಗಿರಿಯ ಹುಡುಗಿ ಇಲ್ಲಿ ಮುಂದಿದ್ದಾಳೆ.

ಕಲಿಸುವ ರೀತಿಯ ಬಗ್ಗೆ ಹೇಳುವಾಗ ಬೇಸರವಾಗುತ್ತದೆ. ಪ್ರೋಗ್ರಾಂ ಅನ್ನು ರೆಕಾರ್ಡ್ ಪುಸ್ತಕದಲ್ಲಿ ಅಂದವಾಗಿ ನಕಲು ಮಾಡಿ ಸಹಿ ಹಾಕಿಸಿಕೊಳ್ಳುವುದೇ ಅನೇಕ ಕಾಲೇಜುಗಳಲ್ಲಿ ಪ್ರಯೋಗ ಎನಿಸಿಕೊಂಡಿದೆ. ಈಜನ್ನು ಸೂಳೆಕೆರೆಯ ದಂಡೆಯಲ್ಲಿ ಕುಳಿತು ಬರೆದು ಕಲಿಯಲಾಗದು. ಈಗಂತೂ ಕೃತಕ ಬುದ್ಧಿಮತ್ತೆ ಕೇಳಿದ ಪ್ರೋಗ್ರಾಂ ಬರೆದುಕೊಡುತ್ತದೆ, ಇನ್ನು ಕಲಿಯುವುದೇಕೆ ಎನ್ನುವವರಿದ್ದಾರೆ. ಬರೆದುಕೊಟ್ಟದ್ದರಲ್ಲಿ 6570 ಅಡಗಿದ್ದರೆ ಕಂಡುಹಿಡಿಯುವವರಾರು?

ಸರ್ಕಾರ ಹೊಸ ಯೋಜನೆ ಘೋಷಿಸಬೇಕಾಗಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಗಣಕ ಕೊಠಡಿಯನ್ನು ಸಂಜೆ ಎರಡು ಗಂಟೆ ತೆರೆದಿಡಲಿ, ಹಳೆಯ ವಿದ್ಯಾರ್ಥಿಗಳಿಗೂ ಪ್ರವೇಶವಿರಲಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನ ಪಾಠಗಳು ಉಚಿತ. ಹಲವು ಕನ್ನಡದಲ್ಲೂ ಇವೆ. ಅಭ್ಯಾಸಕ್ಕೆ ಬೇಕಾದ ದತ್ತಾಂಶ ಮನೆ ಬಾಗಿಲಲ್ಲೇ ಇದೆ: ಕೃಷಿ ಮಾರಾಟ ವಾಹಿನಿಯ ದಿನದ ಅಡಿಕೆ ಧಾರಣೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಹಿತಿ. ಮೂರನೇ ತಿಂಗಳ ಕೊನೆಗೆ ವಿದ್ಯಾರ್ಥಿಯೊಬ್ಬ ಜಗಳೂರಿನ ಮಳೆಯನ್ನೂ ಚನ್ನಗಿರಿಯ ಮಳೆಯನ್ನೂ ಒಂದೇ ನಕ್ಷೆಯಲ್ಲಿ ತೋರಿಸಿ, ಅಡಿಕೆ ಧಾರಣೆಯ ಒಂದು ವರ್ಷದ ಏರಿಳಿತವನ್ನು ತನ್ನ ತಂದೆಗೆ ವಿವರಿಸುವಂತಾಗಬೇಕು. ಅಷ್ಟಾಗದಿದ್ದರೆ ನಾಲ್ಕನೇ ತಿಂಗಳ ಶುಲ್ಕ ಕಟ್ಟುವ ಮೊದಲು ಮನೆಯವರು ಆ ಕೇಂದ್ರಕ್ಕೆ ಒಮ್ಮೆ ಹೋಗಿ ವಿಚಾರಿಸುವುದು ಒಳ್ಳೆಯದು.