ಪಾಠದ ವಿಡಿಯೋಗೆ ಬರವಿಲ್ಲ, ಹುಡುಕಿದ್ರೆ ಮಾತ್ರ ಸಿಗಲ್ಲ! ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೇಕಿರೋದು ಪಟ್ಟಿ

ಪರೀಕ್ಷೆ ಹತ್ತಿರ ಬಂದಂತೆ ಶಾಲೆಗಳ ವಾಟ್ಸಾಪ್ ಗ್ರೂಪ್‌ಗಳಲ್ಲಿ ಪಾಠದ ವಿಡಿಯೋಗಳ ಸುರಿಮಳೆ ಶುರುವಾಗುತ್ತೆ. ಆದ್ರೆ ರಾತ್ರಿ ಓದೋಕೆ ಕೂತ ಹುಡುಗಿಗೆ ಥೇಲ್ಸ್ ಪ್ರಮೇಯದ ಸಾಧನೆ ಒಂದೇ ಬೇಕಿದ್ರೆ? ಗ್ರೂಪ್‌ನಲ್ಲಿ ಮೇಲಕ್ಕೆ ತಳ್ಳುತ್ತಾ ಕೂರಬೇಕು. ಅಷ್ಟರಲ್ಲಿ ಡೇಟಾ ಖಾಲಿ, ಇಲ್ಲಾ ಮೊಬೈಲ್ ಅಪ್ಪನ ಕೈಗೆ ವಾಪಸ್.

ಇರೋದು ಕಡಿಮೆಯೇನಲ್ಲ

ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆ ಶುರುವಾಗಿದ್ದು 2017ರಲ್ಲಿ. ಪಠ್ಯಪುಸ್ತಕದಲ್ಲಿರೋ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಆ ಅಧ್ಯಾಯದ ಸಾಮಗ್ರಿಗೇ ಹೋಗಬಹುದು. 2020ರಲ್ಲಿ ಕೊರೊನಾಗೆ ಶಾಲೆ ಮುಚ್ಚಿದಾಗ ದೂರದರ್ಶನ ಚಂದನದಲ್ಲಿ ಪಾಠ ಬಂತು, ಯೂಟ್ಯೂಬ್‌ಗೂ ಏರಿತು. ಇದರ ಮೇಲೆ ನಮ್ಮ ಮೇಷ್ಟ್ರುಗಳೇ ಮಾಡಿದ ವಿಡಿಯೋಗಳು ಬೇರೆ.

ಎಡವಟ್ಟು ಎಲ್ಲಿ?

ವಾಟ್ಸಾಪ್‌ನಲ್ಲಿ ಹುಡುಕಿದ್ರೆ ಟೈಪ್ ಮಾಡಿದ ಅಕ್ಷರ ಸಿಗುತ್ತೆಯೇ ಹೊರತು ವಿಡಿಯೋದೊಳಗಿನ ಮಾತಲ್ಲ. ಹೆಸರಿಲ್ಲದೆ ಕಳಿಸಿದ ವಿಡಿಯೋ ಎರಡೇ ದಿನದಲ್ಲಿ ಗುಡ್ ಮಾರ್ನಿಂಗ್ ಫೋಟೋಗಳ ಅಡಿ ಸೇರುತ್ತೆ. ಯೂಟ್ಯೂಬ್‌ನಲ್ಲೂ 'ಗಣಿತ ಭಾಗ 3' ಅಂತಷ್ಟೇ ಹೆಸರಿಟ್ರೆ ಒಳಗೇನಿದೆ ಅಂತ ಮಕ್ಕಳಿಗೂ ಗೊತ್ತಾಗಲ್ಲ, ಯೂಟ್ಯೂಬ್‌ಗೂ ಗೊತ್ತಾಗಲ್ಲ.

ಮಾಡೋಕೆ ಆಗುತ್ತೆ ಅನ್ನೋದಕ್ಕೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಸಾಕ್ಷಿ. ಅಲ್ಲಿ ಕಂಪ್ಯೂಟರ್ ಪಾಠಗಳು ಸುಮಾರು ಹತ್ತು ನಿಮಿಷದ ತುಂಡುಗಳಾಗಿವೆ. ವಿಷಯ, ಭಾಷೆ ಎರಡನ್ನೂ ಆರಿಸಿ ಹುಡುಕಬಹುದು, ಕನ್ನಡದಲ್ಲೂ ಪಾಠಗಳಿವೆ. ಯಾವ ನಿಮಿಷಕ್ಕೆ ಏನು ಹೇಳ್ತಾರೆ ಅನ್ನೋ ಬರಹವೂ ಜೊತೆಗಿದೆ.

ಖರ್ಚಿಲ್ಲದ ದಾರಿ

ಇದಕ್ಕೆ ಹೊಸ ಆ್ಯಪ್ ಬೇಕಿಲ್ಲ, ಟೆಂಡರ್ ಬೇಕಿಲ್ಲ. ತರಗತಿ, ವಿಷಯ, ಅಧ್ಯಾಯ, ಪ್ರಶ್ನೆ ಈ ಕ್ರಮದಲ್ಲಿ ಹೆಸರಿಟ್ರೆ ಅರ್ಧ ಕೆಲಸ ಮುಗೀತು. ಮಕ್ಕಳು ಕನ್ನಡ ಪದವನ್ನ ಇಂಗ್ಲಿಷ್ ಅಕ್ಷರದಲ್ಲೂ ಹುಡುಕ್ತಾರೆ, ಹಾಗಾಗಿ ಎರಡೂ ಲಿಪಿಯಲ್ಲಿ ಹೆಸರಿರಲಿ. ಅಧ್ಯಾಯಕ್ಕೊಂದು ಪ್ಲೇಲಿಸ್ಟ್ ಮಾಡಲಿ. ಉದ್ದದ ವಿಡಿಯೋ ಆದ್ರೆ ಕೆಳಗಿನ ವಿವರಣೆಯಲ್ಲಿ 0:00ರಿಂದ ಶುರುಮಾಡಿ ಕನಿಷ್ಠ ಮೂರು ಕಡೆ ಸಮಯ, ಅದರ ಮುಂದೆ ವಿಷಯ ಬರೆದ್ರೆ ಯೂಟ್ಯೂಬ್ ತಾನೇ ಭಾಗ ಮಾಡಿ ತೋರಿಸುತ್ತೆ. ಇವೆಲ್ಲದರ ಲಿಂಕ್ ಒಂದೇ ಗೂಗಲ್ ಶೀಟ್‌ಗೆ ಹಾಕಿ ಗ್ರೂಪ್‌ನಲ್ಲಿ ಪಿನ್ ಮಾಡಿದ್ರೆ ಸಾಕು.

ಆದ್ರೆ ಪಟ್ಟಿ ಯಾರು ಮಾಡ್ಬೇಕು? ಗಣತಿ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ ಅಂತ ಮೇಷ್ಟ್ರುಗಳ ತಲೆ ಮೇಲೆ ಈಗಾಗಲೇ ಹೊರೆ ಇದೆ. ಪ್ರತಿ ಶಾಲೆಯೂ ಬೇರೆಬೇರೆ ಮಾಡೋ ಬದಲು ತಾಲೂಕಿಗೆ ಒಂದೇ ಪಟ್ಟಿ ಸಾಕು. ವಿಷಯಕ್ಕೊಬ್ಬ ಶಿಕ್ಷಕರಿಗೆ ಹಂಚಿ, ಅದನ್ನ ಅವರ ಕೆಲಸದ ಲೆಕ್ಕಕ್ಕೇ ಹಿಡಿಯೋದನ್ನ ಬಿಇಒ ಕಚೇರಿ ಮಾಡಬಹುದು.

ಟ್ಯೂಷನ್‌ಗೆ ದುಡ್ಡು ಕೊಡೋರ ಮಕ್ಕಳಿಗೆ ಹುಡುಕಿ ಕೊಡೋರು ಇರ್ತಾರೆ. ಸರ್ಕಾರಿ ಶಾಲೆ ಮಕ್ಕಳಿಗೆ ಆ ಕೆಲಸ ಮಾಡೋದು ಈ ಪಟ್ಟಿಯೇ. ಪರೀಕ್ಷೆ ವೇಳಾಪಟ್ಟಿ ಬರೋ ಮೊದಲೇ ಇದು ಸಿದ್ಧವಾದ್ರೆ ಉಪಯೋಗ, ಆಮೇಲೆ ಬಂದ್ರೆ ಅದೂ ಇನ್ನೊಂದು ಫಾರ್ವರ್ಡ್ ಅಷ್ಟೇ.