ಲಾಗ್ ಬಾಯಿ ಮುಚ್ಚಿಸಿದರೆ ಆಯ್ತೇ?

ಎರರ್ ಸರಿಪಡಿಸೋದು ಬೇರೆ, ಅದು ಲಾಗ್‌ನಲ್ಲಿ ಕಾಣದ ಹಾಗೆ ಮಾಡೋದು ಬೇರೆ. ನಮ್ಮ ಸಾಫ್ಟ್‌ವೇರ್ ಮಂದಿಗೆ ಇದನ್ನ ಯಾರು ಹೇಳಿಕೊಡಬೇಕೋ!

ಮೈಎಸ್‌ಕ್ಯೂಎಲ್‌ನ 1366ನೇ ಎರರನ್ನೇ ತಗೊಳ್ಳಿ. ಕನ್ನಡದಲ್ಲಿ ಅರ್ಜಿ ತುಂಬಿಸಿಕೊಳ್ಳುವ ತಾಣ ಕಟ್ಟಿದವರಲ್ಲಿ ಬಹಳ ಜನ ಇದನ್ನು ನೋಡಿರ್ತಾರೆ. ‘ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ’ ಅಂತ ಬೈಗುಳ, ಪಕ್ಕದಲ್ಲಿ ಇ0, ಬಿ2, 95 ಅಂತೊಂದು ಸಾಲು. ಆ ಸಾಲು ಕಸವಲ್ಲ, ನಮ್ಮ ‘ಕ’. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಟೇಬಲ್ ಮಾಡಿದ ಪುಣ್ಯಾತ್ಮ ಅಕ್ಷರಗಳ ಬಗ್ಗೆ ಏನೂ ಹೇಳದೆ ಬಿಟ್ಟಿದ್ದರಿಂದ ಅದು ಲ್ಯಾಟಿನ್1 ಆಗಿ ಕೂತಿದೆ. 2018ರಲ್ಲಿ 8.0 ಬರುವವರೆಗೂ ಅದೇ ಡಿಫಾಲ್ಟ್ ಆಗಿತ್ತು. ‘ಈ ಅಕ್ಷರ ನನ್ನಲ್ಲಿ ಹಿಡಿಸಲ್ಲ, ಬರೆಯಲ್ಲ’ ಅಂತ ಸರ್ವರ್ ಪ್ರಾಮಾಣಿಕವಾಗಿ ಹೇಳ್ತಿದೆ.

ಇದಕ್ಕೆ ನಮ್ಮವರ ಮದ್ದು? ಸ್ಟ್ರಿಕ್ಟ್ ಮೋಡ್ ಕಿತ್ತುಹಾಕೋದು. ‘ಒಂದೇ ಲೈನ್ ಸರ್, ಎರರ್ ಹೋಯ್ತು ನೋಡಿ!’ ನಾನು ಕೆಲಸ ಮಾಡಿದ ಒಂದು ಕಡೆ ಹೀಗೇ ಮಾಡಿ ಟಿಕೆಟ್ ಮುಚ್ಚಿದ್ದರು.

ಹೋಗಿದ್ದು ಜನರ ಹೆಸರು ಸ್ವಾಮಿ. ಕಮಲಮ್ಮ ಅಂತ ತುಂಬಿದರೆ ಉಳಿಯೋದು ಆರು ಪ್ರಶ್ನೆಚಿಹ್ನೆ. ರಂಗಮ್ಮ ಅಂತ ತುಂಬಿದರೂ ಅದೇ ಆರು. ಸರ್ವರ್ ಒಂದು ವಾರ್ನಿಂಗ್ ಕೊಡುತ್ತೆ, ಅದನ್ನು ಓದೋರು ಯಾರು? ಮೂಲ ಬೈಟ್‌ಗಳೇ ಅಲ್ಲಿ ಇಲ್ಲದ ಮೇಲೆ ಯಾವ ಪಂಡಿತನೂ ವಾಪಸ್ ತರಲಾರ. ಕೊನೆಗೆ ಕಾಗದದ ಅರ್ಜಿ ಹುಡುಕಿ ಮತ್ತೆ ಟೈಪ್ ಮಾಡಿಸಿದರು. ಕಾಗದ ಸಿಗದವರ ಗತಿ ಕೇಳಬೇಡಿ.

ಮಾಡಬೇಕಾದ್ದು ಬ್ರಹ್ಮವಿದ್ಯೆ ಏನಲ್ಲ. ‘ಶೋ ಕ್ರಿಯೇಟ್ ಟೇಬಲ್’ ಕೊಟ್ಟು ಕಾಲಮ್ ಯಾವ ಕ್ಯಾರೆಕ್ಟರ್ ಸೆಟ್‌ನಲ್ಲಿದೆ ನೋಡಿ. ಕನೆಕ್ಷನ್ ಯಾವುದರಲ್ಲಿದೆ ಅನ್ನೋದನ್ನೂ ನೋಡಿ, ಇದನ್ನು ಮರೆಯೋರೇ ಜಾಸ್ತಿ. ಬ್ಯಾಕಪ್ ತೆಗೆದು, ಟೇಬಲನ್ನು ಯುಟಿಎಫ್8ಎಂಬಿ4ಗೆ ಬದಲಿಸಿ. ಬರೀ ಯುಟಿಎಫ್8 ಅಂದರೂ ಕನ್ನಡ ಹಿಡಿಸುತ್ತೆ, ಆದರೆ ಯಾರಾದರೂ ಇಮೋಜಿ ಹಾಕಿದ ದಿನ ಮತ್ತೆ 1366. ಹಳೆಯ ಸಾಲುಗಳಲ್ಲಿ ಪ್ರಶ್ನೆಚಿಹ್ನೆಯ ಬದಲು ಚಿತ್ರವಿಚಿತ್ರ ಲ್ಯಾಟಿನ್ ಅಕ್ಷರಗಳಿದ್ದರೆ ಅದು ಬೇರೆಯೇ ಕಾಯಿಲೆ. ಅಲ್ಲಿ ಬೈಟ್‌ಗಳು ಇನ್ನೂ ಬದುಕಿರಬಹುದು. ನೇರ ಬದಲಿಸಬೇಡಿ, ಮೊದಲು ಕಾಲಮನ್ನು ಬೈನರಿ ಮಾಡಿ, ಆಮೇಲೆ ಯುಟಿಎಫ್8ಎಂಬಿ4 ಮಾಡಿ.

‘ಇಷ್ಟೆಲ್ಲ ಯಾಕೆ, ಹೆಸರು ಇಂಗ್ಲಿಷಲ್ಲೇ ತುಂಬಿ ಅಂದರಾಯ್ತಲ್ಲ’ ಅನ್ನೋ ಮಹಾನುಭಾವರೂ ಇದ್ದಾರೆ. ತಾವು ಒಂದು ಆಲ್ಟರ್ ಟೇಬಲ್ ಬರೆಯೋಕೆ ಸೋಮಾರಿ, ಅದಕ್ಕೆ ಕಮಲಮ್ಮ ಈ ವಯಸ್ಸಲ್ಲಿ ಸ್ಪೆಲಿಂಗ್ ಕಲೀಬೇಕಾ?