ಗಾರ್ಡ್ ಐತಲ್ಲೋ ತಮ್ಮಾ!

ಬ್ಲಾಗ್ ಕಡೆ ತಲೆ ಹಾಕಿ ಮೂರು ತಿಂಗಳಾಯ್ತು. ಆಫೀಸು, ರಿಲೀಸು, ಮತ್ತೆ ಆಫೀಸು... ಕಾರಣಗಳು ನಿಮಗೂ ಗೊತ್ತಿರೋವೇ, ಬಿಡಿ. ಇವತ್ತು ನನ್ನನ್ನ ಬರೆಯೋಕೆ ಕೂರಿಸಿದ್ದು ಒಂದು ಕಬ್ಬಿಣದ ತಗಡು. ಅದರ ಮೇಲೆ ನನಗಿರೋ ಸಿಟ್ಟು ಎಷ್ಟು ಅಂದ್ರೆ, ಎರಡು ವಾರ ಕಳೆದರೂ ಇಳಿದಿಲ್ಲ.

ನಮ್ಮೂರು ಅಳ್ನಾವರ. ಧಾರವಾಡದಿಂದ ಗೋವಾ ರಸ್ತೆ ಹಿಡಿದರೆ ಸುಮಾರು ಮೂವತ್ತೈದು ಕಿಲೋಮೀಟರ್. ಜಿಲ್ಲೆ ಧಾರವಾಡದ್ದೇ ಆದರೂ ಮಳೆ ಮಲೆನಾಡಿನದು. ನವಲಗುಂದದ ಕಡೆಯವರು ಆಕಾಶ ನೋಡ್ತಾ ಕೂತಿರುವಾಗ ನಾವು ಛತ್ರಿ ಒಣಗಿಸ್ತಾ ಇರ್ತೀವಿ. 2019ರ ಆಗಸ್ಟ್‌ನಲ್ಲಂತೂ ನೀರು ಊರೊಳಗೇ ನುಗ್ಗಿತ್ತು. ಅಪ್ಪ ರಿಟೈರ್ಡ್ ಮಾಸ್ತರು. ಮನೇಲಿ 2012ರ ಒಂದು ವ್ಯಾಗನ್ ಆರ್ ಇದೆ. ಅಪ್ಪ ಅದನ್ನ ನೋಡಿಕೊಂಡಷ್ಟು ಚೆನ್ನಾಗಿ ನನ್ನನ್ನ ನೋಡಿಕೊಂಡಿಲ್ಲ ಅಂತ ಅವ್ವನ ದೂರು :)

ಹೋದ ವರ್ಷ ಅಪ್ಪ ಅದಕ್ಕೆ ಇಂಜಿನ್ ಗಾರ್ಡ್ ಹಾಕಿಸಿದರು. ಯಾವ ಅಂಗಡಿ ಅನ್ನೋದು ಬೇಡ. "ಕಾಕಾರ, ನಿಮ್ಮ ಕಡೆ ರಸ್ತಾ ಹಂಗ, ಹಂಪ್ ಹಂಗ. ಒಂದ್ ಕಲ್ಲ ಬಡದ್ರ ಚೇಂಬರ್ ಒಡೀತೈತಿ, ಇಂಜಿನ್ ಕೆಲಸಕ್ಕ ಐವತ್ತ ಸಾವಿರ. ಇದಕ್ಕ ಬರೇ ಮೂರ ಸಾವಿರದಾ ಇನ್ನೂರ" ಅಂದನಂತೆ. ಮೂರು ಸಾವಿರ ಎಲ್ಲಿ, ಐವತ್ತು ಸಾವಿರ ಎಲ್ಲಿ! ಮಾಸ್ತರಿಗೆ ಲೆಕ್ಕ ಸರಿ ಕಂಡಿತು, ಹಾಕಿಸಿದರು. ಫೋನಿನಲ್ಲಿ ಹೇಳಿದಾಗ ನಾನೂ "ಒಳ್ಳೇದಾತು ಬಿಡಪ್ಪಾ" ಅಂದಿದ್ದೆ. ಇಂಜಿನಿಯರಿಂಗ್ ಓದಿದವನು ನಾನು!

ಅಲ್ಲಿಂದ ಶುರುವಾಯ್ತು ನೋಡಿ. ಊರಿಗೆ ಹೋದಾಗಲೆಲ್ಲ ಹಂಪ್ ದಾಟುವಾಗ ಕೆಳಗಡೆ "ಕರ್ರ್" ಅಂತ ಸದ್ದು. ಪ್ರತಿ ಸಲ ಅಪ್ಪ ನನ್ನ ಕಡೆ ತಿರುಗಿ "ಕೇಳಿದ್ಯಾ? ಗಾರ್ಡ್ ಇರಲಿಲ್ಲಂದ್ರ ಇವತ್ತ ಚೇಂಬರ್ ಹೋಗ್ತಿತ್ತು" ಅನ್ನೋರು. ಆದರೆ ಗಾರ್ಡ್ ಹಾಕಿಸೋಕೆ ಮುಂಚೆ ಎಂಟು ವರ್ಷ ಇದೇ ಕಾರು ಇದೇ ಹಂಪ್‌ಗಳನ್ನ ದಾಟಿತ್ತು. ಚೇಂಬರ್‌ಗೆ ಒಂದು ಗೀರೂ ಇರಲಿಲ್ಲ. ಉಜ್ಜುತ್ತಾ ಇದ್ದದ್ದು ಗಾರ್ಡೇ, ಅದು ಗಾರ್ಡ್ ಇದ್ದದ್ದರಿಂದಲೇ!

ದೀಪಾವಳಿಗೆ ಹೋದಾಗ ಟೇಪ್ ಹಿಡಿದು ಕೂತೆ. ಬ್ರೋಷರ್ ಪ್ರಕಾರ ನಮ್ಮ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 165 ಮಿಲಿಮೀಟರ್, ಅಂದ್ರೆ 16.5 ಸೆಂಟಿಮೀಟರ್. ಅದು ಖಾಲಿ ಕಾರಿನ ಲೆಕ್ಕ. ನಾಲ್ಕು ಜನ ಕೂತು, ಹಿಂದೆ ಒಂದು ಚೀಲ ಅಕ್ಕಿ ಇಟ್ಟು ಅಳೆದರೆ ಹೊಟ್ಟೆ ಕೆಳಗೆ ಉಳಿದದ್ದು ಹನ್ನೆರಡೂವರೆ. ಗಾರ್ಡ್ ಅದಕ್ಕಿಂತ ಎರಡು ಸೆಂಟಿಮೀಟರ್ ಕೆಳಗೆ ಇಳಿಬಿದ್ದಿತ್ತು. ಇರೋ ಜಾಗದಲ್ಲಿ ಆರನೇ ಒಂದು ಭಾಗವನ್ನ ನಾವೇ ದುಡ್ಡು ಕೊಟ್ಟು ಕಳೆದುಕೊಂಡಿದ್ದೆವು.

ಇನ್ನು ಹಂಪ್. ಇದಕ್ಕೆ ನಮ್ಮ ದೇಶದಲ್ಲಿ ಅಳತೆಯೇ ಇಲ್ಲ ಅಂದುಕೊಂಡಿದ್ದರೆ ತಪ್ಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಐಆರ್‌ಸಿ 99 ಅನ್ನೋ ಮಾರ್ಗಸೂಚಿ ತಂದಿದೆ, 2018ರಲ್ಲಿ ಪರಿಷ್ಕರಣೆಯೂ ಆಗಿದೆ. 1988ರದ್ದರ ಪ್ರಕಾರ ಹಂಪ್ ಅಂದ್ರೆ 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕು: 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟಬಹುದಾದ್ದು. ಹತ್ತು ಸೆಂಟಿಮೀಟರ್ ಕೇಳಿ ಹೆದರಬೇಡಿ, ಇಲ್ಲೇ ಮಜಾ ಇರೋದು. ನಮ್ಮ ಕಾರಿನ ಎರಡು ಆಕ್ಸಲ್‌ಗಳ ನಡುವಿನ ಅಂತರ 2.4 ಮೀಟರ್. ಅಷ್ಟು ಅಗಲದ ಹಂಪ್ ಮೇಲೆ ಹಿಂದಿನ, ಮುಂದಿನ ಚಕ್ರ ಎರಡೂ ಒಟ್ಟಿಗೇ ಹತ್ತಿರುತ್ತವೆ. ಹತ್ತನೇ ಕ್ಲಾಸಿನ ವೃತ್ತದ ಲೆಕ್ಕ ಹಾಕಿ ನೋಡಿ, ಚಕ್ರಗಳ ನಡುವೆ ಹೊಟ್ಟೆ ಕಡೆಗೆ ಉಬ್ಬೋದು ಬರೀ 4.2 ಸೆಂಟಿಮೀಟರ್! ಮದುವೆ ದಿಬ್ಬಣದ ಅಷ್ಟೂ ಮಂದಿಯನ್ನ ತುಂಬಿದರೂ ತಗುಲೋ ಮಾತೇ ಇಲ್ಲ.

ನಮ್ಮ ದಾರಿಯಲ್ಲಿ ಒಂದು ಹಂಪ್ ಅಳೆದೆ. (ಅಳೆಯುವಾಗ ಇಬ್ಬರು ಹುಡುಗರು ಬಂದು "ಸರ್ವೇ ಏನ್ರೀ? ಎಷ್ಟ ಗುಂಟೆ ಹೋಗತೈತ್ರೀ?" ಅಂತ ಗಾಬರಿಯಾದರು.) ಎರಡು ಅಡಿ ಅಗಲ, 14 ಸೆಂಟಿಮೀಟರ್ ಎತ್ತರ. ಅಂದ್ರೆ ಹಂಪ್ ಅಲ್ಲ, ರಸ್ತೆಗೆ ಅಡ್ಡ ಮಲಗಿಸಿದ ಮರದ ದಿಮ್ಮಿ. ಇಂಥದ್ದನ್ನ ಮುಂದಿನ ಚಕ್ರ ಇಳಿದ ಮೇಲೆ ಪೂರ್ತಿ 14 ಸೆಂಟಿಮೀಟರ್ ಹೊಟ್ಟೆ ಕೆಳಗೆ ಬರುತ್ತದೆ. ಹೊಟ್ಟೆ ಕೆಳಗಿರೋದು ಹನ್ನೆರಡೂವರೆ. ತಗುಲೋದು ಎಲ್ಲಿಗೆ? ನಡುಭಾಗದ ಸೈಲೆನ್ಸರ್ ಪೈಪಿಗೆ. ಗಾರ್ಡ್ ಇರೋದು ಎಲ್ಲಿ? ಮುಂದೆ, ಇಂಜಿನ್ ಕೆಳಗೆ. ಚೇಂಬರ್ ಇರೋದು ಮುಂದಿನ ಚಕ್ರಗಳ ಸಾಲಿನ ಹತ್ತಿರ, ಚಕ್ರ ಏರಿದರೆ ಅದೂ ಜೊತೆಗೇ ಏರುತ್ತೆ. ಗಾರ್ಡ್‌ನ ಹಿಂದಿನ ಅಂಚು ಮಾತ್ರ ಚಕ್ರ ಇಳಿದ ತಕ್ಷಣ ಹಂಪಿಗೆ ಉಜ್ಜುತ್ತೆ. ಕಾರನ್ನ ರ‍್ಯಾಂಪ್ ಹತ್ತಿಸಿ ನೋಡಿದಾಗ ಕಂಡದ್ದೂ ಅದೇ: ಗಾರ್ಡ್‌ನ ಅಂಚು ಮಿರಿಮಿರಿ, ಸೈಲೆನ್ಸರ್ ಪೈಪು ಅಪ್ಪಚ್ಚಿ, ಚೇಂಬರ್ ಹೊಸದರ ಹಾಗೆ.

ಇಷ್ಟೇ ಆಗಿದ್ದರೆ ನಗಾಡಿ ಸುಮ್ಮನಾಗ್ತಿದ್ದೆ. ಮುಖ್ಯ ವಿಷಯ ಮುಂದಿದೆ.

ಅಪ್ಪನಿಗೆ ಒಂದು ಒಳ್ಳೇ ಅಭ್ಯಾಸ ಇತ್ತು. ಬೆಳಿಗ್ಗೆ ಕಾರು ತೆಗೆದ ಮೇಲೆ ಇಳಿದು ಬಂದು ನೆಲ ನೋಡೋರು. ಫರಶಿ ಮೇಲೆ ಎಣ್ಣೆ ಕಲೆ ಕಂಡರೆ ಅವತ್ತೇ ಗ್ಯಾರೇಜು. ಎಂಟು ವರ್ಷದಲ್ಲಿ ಎರಡು ಸಲ ಹಾಗೆ ಸಣ್ಣದರಲ್ಲೇ ಹಿಡಿದಿದ್ದರು. ಗಾರ್ಡ್ ಬಂದ ಮೇಲೆ ನೆಲ ಸದಾ ಸ್ವಚ್ಛ. ಅಪ್ಪನಿಗೆ ಖುಷಿ. ಆಮೇಲೆ ಗೊತ್ತಾಯ್ತು, ಹಿಂದಿನ ಸರ್ವಿಸ್‌ನಲ್ಲಿ ಆಯಿಲ್ ಇಳಿಸೋ ಬೋಲ್ಟ್‌ನ ವಾಷರ್ ಸರಿಯಾಗಿ ಕೂರಿಸಿರಲಿಲ್ಲ. ಹನಿ ಹನಿಯಾಗಿ ಸೋರಿದ ಎಣ್ಣೆ ನೆಲಕ್ಕೆ ಬೀಳಲೇ ಇಲ್ಲ, ಗಾರ್ಡ್ ಮೇಲೆ ನಿಂತಿತು. ಅಲ್ಲಿ ಮೊದಲೇ ಒಂದು ಮಳೆಗಾಲದ ಕೆಸರು, ಎಲೆ, ಕಬ್ಬಿನ ರವದಿ ಎಲ್ಲ ಮನೆ ಮಾಡಿತ್ತು. ಎಣ್ಣೆಯನ್ನೆಲ್ಲ ಅದು ಹೀರಿಕೊಂಡಿತು.

ಅವತ್ತು ಅವ್ವನಿಗೆ ಬಿಪಿ ಏರಿ ತಲೆಸುತ್ತು. ಧಾರವಾಡದ ಡಾಕ್ಟರ್ ಹತ್ರ ಕರೆದುಕೊಂಡು ಹೊರಟಿದ್ದಾರೆ. ಕೆಲಗೇರಿ ಇನ್ನೂ ಐದಾರು ಕಿಲೋಮೀಟರ್ ಇರುವಾಗ ಆಯಿಲ್ ದೀಪ ಹತ್ತಿದೆ. ಹಳೇ ಅಪ್ಪನಾಗಿದ್ದರೆ ಅಲ್ಲೇ ನಿಲ್ಲಿಸೋರು. ಆದರೆ ಮನಸ್ಸಿನಲ್ಲಿ "ಕೆಳಗ ಗಾರ್ಡ್ ಐತಿ, ಏನೂ ಬಡದಿಲ್ಲ, ದೀಪದ್ದ ವಾಯರ್ ಪ್ರಾಬ್ಲಂ ಇರಬೇಕು" ಅನ್ನೋ ಧೈರ್ಯ. ನಾನು ಆಮೇಲೆ ಕೇಳಿದಾಗಲೂ ಹೇಳಿದ್ದು ಅದೇ, "ಗಾರ್ಡ್ ಐತಲ್ಲೋ ತಮ್ಮಾ, ಅಂದ್ಕೊಂಡೆ". ಮೂರು ಕಿಲೋಮೀಟರ್ ಹೋಗೋದರೊಳಗೆ ಇಂಜಿನ್ ಟಕಟಕ ಬಡಿದು ನಿಂತಿತು. ಅವ್ವ ತಲೆ ಹಿಡಿದುಕೊಂಡು ರಸ್ತೆ ಬದಿ ಕಲ್ಲಿನ ಮೇಲೆ ಅರ್ಧ ಗಂಟೆ ಕೂತಿದ್ದಳು, ಕಡೆಗೆ ಒಂದು ಟಂಟಂ ಸಿಕ್ಕಿತು. ನಾನು ಬೆಂಗಳೂರಿನಲ್ಲಿ ಮೀಟಿಂಗ್‌ನಲ್ಲಿದ್ದೆ, ಫೋನ್ ಸೈಲೆಂಟ್. ಅವ್ವ ಈಗ ಆರಾಮಾಗಿದ್ದಾಳೆ. ಆದರೆ ಆ ಅರ್ಧ ಗಂಟೆ ನೆನೆಸಿಕೊಂಡರೆ ಈಗಲೂ ನನ್ನ ಕೈ ತಣ್ಣಗಾಗುತ್ತೆ.

ಇಂಜಿನ್ ಕೆಲಸಕ್ಕೆ 41 ಸಾವಿರ. ಇನ್ಶೂರೆನ್ಸ್ ಸಿಗಲಿಲ್ಲ, ಸಿಗೋದೂ ಇಲ್ಲ. ಮಾಮೂಲಿ ಕಾರ್ ಪಾಲಿಸಿಯಲ್ಲಿ ಯಾಂತ್ರಿಕ ದೋಷಕ್ಕೆ ಪರಿಹಾರ ಇಲ್ಲ. ನಿಜವಾಗಿ ಕಲ್ಲು ಬಡಿದು ಚೇಂಬರ್ ಒಡೆದರೆ ಆ ಚೇಂಬರ್‌ಗೆ ಕೊಡ್ತಾರೆ, ಆದರೆ ಆಯಿಲ್ ಇಲ್ಲದೆ ಓಡಿಸಿ ಇಂಜಿನ್ ಜಾಮ್ ಆದರೆ ಅದು "ನಂತರದ ಹಾನಿ" ಅಂತ ಕೈ ಬಿಡ್ತಾರೆ. ಅದಕ್ಕೆ ಇಂಜಿನ್ ಪ್ರೊಟೆಕ್ಟ್ ಅನ್ನೋ ಆಡ್-ಆನ್ ಬೇರೆಯೇ ತಗೋಬೇಕು. ಬಡಿದಾಗಲೂ ಸರಿ, ಸೋರಿದಾಗಲೂ ಸರಿ, ಇಂಜಿನ್ ಉಳಿಸೋದು ಕೆಂಪು ದೀಪ ಕಂಡ ಕ್ಷಣ ಕೀಲಿ ತಿರುಗಿಸಿ ನಿಲ್ಲಿಸೋದು. ಇದಕ್ಕೆ ದುಡ್ಡು ಬೇಕಿಲ್ಲ, ಆದ್ದರಿಂದ ಯಾವ ಅಂಗಡಿಯವನೂ ಹೇಳಲ್ಲ.

"ಹಾಗಾದ್ರೆ ಗಾರ್ಡ್ ಯಾರಿಗೂ ಬೇಡವಾ?" ಅಂತ ಕೇಳ್ತೀರಿ. ದಾಂಡೇಲಿ ಕಾಡಿನ ದಾರಿಯಲ್ಲಿ ದಿನಾ ಜೀಪ್ ಓಡಿಸೋರಿಗೆ, ಕಬ್ಬಿನ ಟ್ರ್ಯಾಕ್ಟರ್ ಹೋಗಿ ಹೋಗಿ ನಡುವೆ ದಿಬ್ಬ ಎದ್ದ ಹೊಲದ ದಾರಿಯವರಿಗೆ ಬೇಕು. ಆಗಲೂ ಆಯಿಲ್ ಬೋಲ್ಟ್ ಕೆಳಗೆ ದೊಡ್ಡ ತೂತು, ನೀರು ಇಳಿಯೋಕೆ ಸಣ್ಣ ತೂತುಗಳು ಇರಬೇಕು, ಪ್ರತಿ ಸರ್ವಿಸ್‌ಗೆ ಬಿಚ್ಚಿ ತೊಳೆಯಬೇಕು. ನಮ್ಮದರಲ್ಲಿ ತೂತೇ ಇರಲಿಲ್ಲ. ಬಿಚ್ಚೋಕೆ ಆರು ಬೋಲ್ಟ್, ಅದರಲ್ಲಿ ಎರಡು ತುಕ್ಕು ಹಿಡಿದು ಕೂತಿದ್ದವು. ಇನ್ನೊಂದು ಮಾತು. ಕಂಪನಿಯವರು ಗುದ್ದಿಸಿ ಪರೀಕ್ಷೆ ಮಾಡಿರೋದು ಈ ತಗಡು ಇಲ್ಲದ ಕಾರನ್ನ. ಮುಂಭಾಗ ಹೇಗೆ ಮಡಚಿಕೊಳ್ಳಬೇಕು ಅಂತ ಅವರು ಹಾಕಿದ ಲೆಕ್ಕದಲ್ಲಿ ಈ ಮೂರು ಸಾವಿರದ ಇನ್ನೂರು ರೂಪಾಯಿ ಇಲ್ಲ.

ನಮ್ಮ ಕಡೆ ಕಾರಿನ ಹೊಟ್ಟೆಗೆ ನಿಜವಾದ ಶತ್ರು ಕೆಸರು. ಮಳೆಗಾಲ ಮುಗಿದ ಮೇಲೆ ರ‍್ಯಾಂಪ್ ಹತ್ತಿಸಿ ಬರೀ ನೀರಿನಲ್ಲಿ ಕೆಳಗೆಲ್ಲ ತೊಳೆಸಿ. ಬಾಗಿಲ ಅಡಿಯ ಸಣ್ಣ ತೂತುಗಳು ಕಟ್ಟಿಕೊಂಡಿದ್ದರೆ ಕಡ್ಡಿ ಹಾಕಿ ಬಿಡಿಸಿ. ಆಕ್ಸಲ್‌ನ ರಬ್ಬರ್ ಬೂಟ್ ಹರಿದಿದೆಯಾ ನೋಡಿ. ಹರಿದ ಬೂಟ್ ಬದಲಿಸೋದು ಸಣ್ಣ ಖರ್ಚು, ಬಿಟ್ಟರೆ ಗ್ರೀಸ್ ಹೋಗಿ ಮಣ್ಣು ಹೊಕ್ಕು ಜಾಯಿಂಟೇ ಹೋಗುತ್ತೆ. ಮತ್ತೆ ದಯವಿಟ್ಟು ಆ ಹಳೇ ಇಂಜಿನ್ ಆಯಿಲ್ ಸ್ಪ್ರೇ ಬೇಡ. ತುಕ್ಕು ಹಿಡಿಯಲ್ಲ ಅಂತ ಹೊಡೀತಾರೆ, ಆದರೆ ಎಣ್ಣೆ ಕುಡಿದ ರಬ್ಬರ್ ಬುಷ್‌ಗಳು ಉಬ್ಬಿ ಮೆತ್ತಗಾಗ್ತವೆ, ಮೇಲಿಂದ ಧೂಳೂ ಅಂಟುತ್ತೆ.

ಹಂಪ್ ಹಾಕಿಸಿದ ಹಳ್ಳಿಯವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಅಳೆದ ಹಂಪ್ ಒಂದು ಮಗುವಿಗೆ ಲಾರಿ ಬಡಿದ ಮಾರನೇ ದಿನ ಬಂದದ್ದಂತೆ, ಊರವರೇ ನಿಂತು ಹಾಕಿಸಿದ್ದು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡ್ತಿದ್ದೆ. ಸಿಟ್ಟಿರೋದು 1988ರಿಂದ ಅಳತೆ ಕೈಯಲ್ಲಿದ್ದೂ 3.7 ಮೀಟರ್ ಅಗಲ ಮಾಡಿಸದವರ ಮೇಲೆ, ಮತ್ತೆ ಅದನ್ನ ಕೇಳದೆ ತಗಡು ಕೊಂಡುಕೊಂಡ ನಮ್ಮ ಮೇಲೆ. ರಾತ್ರಿ ಬಣ್ಣವಿಲ್ಲದ, ಬೋರ್ಡ್ ಇಲ್ಲದ ಆ ದಿಮ್ಮಿಗೆ ಸಿಕ್ಕಿ ಬೀಳೋ ಬೈಕಿನವನಿಗೆ ಯಾವ ಅಂಗಡಿಯಲ್ಲೂ ಗಾರ್ಡ್ ಸಿಗಲ್ಲ. ಅಳತೆ, ಫೋಟೋ ಎರಡೂ ಸೇರಿಸಿ ಲೋಕೋಪಯೋಗಿ ಇಲಾಖೆಗೆ ಅರ್ಜಿ ಬರೆದಿದ್ದೇನೆ. ಡ್ರಾಫ್ಟ್ ಅಪ್ಪ ತಿದ್ದಿದರು, ಕೆಂಪು ಇಂಕಿನಲ್ಲಿ, ಏಳು ಕಾಗುಣಿತ ತಪ್ಪು :(

ಗಾರ್ಡ್ ಈಗ ಹಿತ್ತಲಲ್ಲಿದೆ. ಅವ್ವ ಅದನ್ನ ತೊಳೆದು ಬಚ್ಚಲ ಒಲೆಯ ಕಟ್ಟಿಗೆ ಮೇಲೆ ಮುಚ್ಚಿದ್ದಾಳೆ, ಕಟ್ಟಿಗೆ ನೆನೆಯಲ್ಲ ಅಂತ. ಅಪ್ಪ ಮತ್ತೆ ಬೆಳಿಗ್ಗೆ ಫರಶಿ ನೋಡೋಕೆ ಶುರು ಮಾಡಿದ್ದಾರೆ.